ಇಳಿಜಾರೇ ಓಡತೊಡಗಿದರೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಇಳಿಜಾರಿನ ಮೇಲೆ ಒಂದು ವಸ್ತು ಇದೆ, ಇಳಿಜಾರೂ ನಿಂತಲ್ಲಿ ನಿಂತಿಲ್ಲ. ಒಂದು ಪತ್ರ ಪರೀಕ್ಷೆಗೆ ಓದುವವರದು, ಒಂದು ಅಡಿಕೆ ಸಾಗಿಸುವವರದು. ಲೆಕ್ಕ ಎರಡಕ್ಕೂ ಒಂದೇ ಆದ್ದರಿಂದ ಒಟ್ಟಿಗೆ ಉತ್ತರಿಸುತ್ತಿದ್ದೇವೆ.

ಸೂತ್ರಗಳಿಗೆ ಬಳಸಿದ ಗುರುತುಗಳು: ಗುರುತ್ವ ವೇಗೋತ್ಕರ್ಷ 'ಗು' (ಸೆಕೆಂಡಿನ ವರ್ಗಕ್ಕೆ 9.8 ಮೀಟರ್), ಇಳಿಜಾರಿನ ಕೋನ 'ಕೋ', ಬೆಣೆಯ ಅಥವಾ ಗಾಡಿಯ ವೇಗೋತ್ಕರ್ಷ 'ವೇ', ಮೇಲಿನ ವಸ್ತುವಿನ ದ್ರವ್ಯರಾಶಿ 'ದ್ರ', ಲಂಬ ಪ್ರತಿಕ್ರಿಯೆ (ಮೇಲ್ಮೈ ತನಗೆ ಲಂಬವಾಗಿ ವಸ್ತುವನ್ನು ತಳ್ಳುವ ಬಲ) 'ಲಂ', ಘರ್ಷಣಾಂಕ (ಲಂಬ ಪ್ರತಿಕ್ರಿಯೆಯ ಎಷ್ಟು ಪಾಲು ಘರ್ಷಣೆಯಾಗಿ ಸಿಗಬಲ್ಲದು ಎಂಬ ಅಂಕಿ) 'ಘ'. ವೇಗೋತ್ಕರ್ಷದ ಅಂಕಿಗಳೆಲ್ಲ ಮೀ/ಸೆ² ಅಳತೆಯಲ್ಲಿವೆ.

ಪ್ರಶ್ನೆ: ಇಳಿಜಾರಿನ ಮೇಲಿನ ವಸ್ತುವಿಗೆ ಲಂಬ ಪ್ರತಿಕ್ರಿಯೆ 'ದ್ರ ಗು ಕಾಸ್ ಕೋ' ಎಂದು ತರಗತಿಯಲ್ಲಿ ಕಲಿತೆವು. ಬೆಣೆಯನ್ನು ತಳ್ಳಿಕೊಂಡು ಹೋಗುವ ಲೆಕ್ಕದಲ್ಲಿ ಉತ್ತರ 'ದ್ರ ಗು ÷ ಕಾಸ್ ಕೋ' ಎಂದಿದೆ. ಯಾವುದು ಸರಿ? ಹುಸಿ ಬಲ ಹಾಕಲೇಬೇಕೇ? (ಸಿಇಟಿಗೆ ಓದುತ್ತಿರುವ ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉತ್ತರ: ಎರಡೂ ಸರಿ, ಆದರೆ ಬೇರೆ ಬೇರೆ ಸನ್ನಿವೇಶಕ್ಕೆ. 'ದ್ರ ಗು ಕಾಸ್ ಕೋ' ಬಂದದ್ದು ಒಂದು ಷರತ್ತಿನ ಮೇಲೆ. ಇಳಿಜಾರಿಗೆ ಲಂಬವಾದ ದಿಕ್ಕಿನಲ್ಲಿ ವಸ್ತುವಿಗೆ ವೇಗೋತ್ಕರ್ಷ ಇರಬಾರದು ಎಂಬುದೇ ಆ ಷರತ್ತು. ಬೆಣೆ ನಿಂತಿದ್ದಾಗ ಅದು ತಾನಾಗಿ ನಿಜವಾಗಿರುತ್ತದೆ, ಹಾಗಾಗಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬೆಣೆ ಅಡ್ಡಕ್ಕೆ ವೇಗ ಏರಿಸಿಕೊಂಡು ಹೊರಟ ಕ್ಷಣ ಷರತ್ತು ಮುರಿಯಿತು, ಸೂತ್ರವೂ ಹೋಯಿತು.

ಮೊದಲು ದಿಕ್ಕು ನೋಡಿ. ನುಣುಪಾದ ಬೆಣೆ ವಸ್ತುವನ್ನು ತಳ್ಳುವುದು ತನ್ನ ಮೇಲ್ಮೈಗೆ ಲಂಬವಾಗಿ ಮಾತ್ರ. ಆ ತಳ್ಳುವಿಕೆಯ ಅಡ್ಡ ಘಟಕ ಬೆಣೆಯ ತೆಳು ಮೊನೆಯ ಕಡೆಗಿರುತ್ತದೆ. ಹಾಗಾಗಿ ವಸ್ತು ಜಾರದೆ ಬೆಣೆಯ ಜೊತೆಗೇ ಸಾಗಬೇಕಾದರೆ ಬೆಣೆ ಮೊನೆ ಮುಂದಾಗಿಯೇ ವೇಗ ಹೆಚ್ಚಿಸಿಕೊಳ್ಳಬೇಕು, ಅಂದರೆ ದಪ್ಪ ಬೆನ್ನಿನ ಕಡೆಯಿಂದ ತಳ್ಳಬೇಕು. ಚಿತ್ರದಲ್ಲಿ ಬಾಣವನ್ನು ತಿರುಗಾಮುರುಗಾ ಹಾಕಿದವರ ಉತ್ತರಗಳೆಲ್ಲ ತಪ್ಪುವುದು ಇಲ್ಲೇ.

ಈಗ ನೆಲದ ಮೇಲೆ ನಿಂತು ನೋಡುವವರಾಗಿ ಬರೆಯಿರಿ. ವಸ್ತುವಿನ ಮೇಲೆ ಎರಡೇ ಬಲ: ಕೆಳಕ್ಕೆ ತೂಕ, ಮೇಲ್ಮೈಗೆ ಲಂಬವಾಗಿ ಲಂ. ಮೇಲೆ ಕೆಳಗೆ ಚಲನೆ ಇಲ್ಲ, ಆದ್ದರಿಂದ ಲಂ ಕಾಸ್ ಕೋ = ದ್ರ ಗು. ಅಡ್ಡಕ್ಕೆ ಬೆಣೆಯದೇ ವೇಗೋತ್ಕರ್ಷ, ಆದ್ದರಿಂದ ಲಂ ಸೈನ್ ಕೋ = ದ್ರ ವೇ. ಮೊದಲನೆಯದರಿಂದಲೇ ನಿಮ್ಮ 'ದ್ರ ಗು ÷ ಕಾಸ್ ಕೋ' ಬಂತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ವೇ = ಗು ಟ್ಯಾನ್ ಕೋ. 30 ಡಿಗ್ರಿ ಬೆಣೆ, 1 ಕಿಲೋ ವಸ್ತು ಎಂದಾದರೆ ಬೇಕಾದ ವೇಗೋತ್ಕರ್ಷ 5.66. ಲಂಬ ಪ್ರತಿಕ್ರಿಯೆ 11.3 ನ್ಯೂಟನ್. ನಿಂತ ಬೆಣೆಯ ಮೇಲಾದರೆ ಅದು 8.49 ಮಾತ್ರ. ವೇಗೋತ್ಕರ್ಷದ ಉತ್ತರದಲ್ಲಿ ದ್ರವ್ಯರಾಶಿ ಉಳಿಯಲಿಲ್ಲ ಗಮನಿಸಿ. ಭಾರದ ವಸ್ತುವಿಗೂ ಹಗುರದ್ದಕ್ಕೂ ಅದೇ 5.66.

ನೆನಪಿಟ್ಟುಕೊಳ್ಳಬೇಕಾದ ಸೂತ್ರ ಒಂದೇ: ಲಂ = ದ್ರ (ಗು ಕಾಸ್ ಕೋ + ವೇ ಸೈನ್ ಕೋ). ಮೊನೆಯ ಕಡೆಗಿನ ವೇಗೋತ್ಕರ್ಷಕ್ಕೆ ಕೂಡಿಸು ಚಿಹ್ನೆ. ಬೆನ್ನಿನ ಕಡೆಗಾದರೆ ಅದು ಕಳೆಯುವ ಚಿಹ್ನೆ ಆಗುತ್ತದೆ, ಒತ್ತಡ ಇಳಿಯುತ್ತ ಹೋಗುತ್ತದೆ. ವೇ = ಗು ÷ ಟ್ಯಾನ್ ಕೋ ತಲುಪಿದಾಗ ಲಂ ಸೊನ್ನೆ. 30 ಡಿಗ್ರಿಗೆ ಅದು ಸುಮಾರು 17. ಬೆಣೆ ಅಷ್ಟು ಬೇಗ ಅಡಿಯಿಂದ ಸರಿದರೆ ವಸ್ತು ಜಾರುವುದೇ ಇಲ್ಲ, ನೆಟ್ಟಗೆ ಕೆಳಗೆ ಬೀಳುತ್ತದೆ.

ಘರ್ಷಣೆ ಇದ್ದರೆ ಒಂದೇ ಬೆಲೆಯ ಬದಲು ಒಂದು ವ್ಯಾಪ್ತಿ ಸಿಗುತ್ತದೆ. ಕನಿಷ್ಠ: ಗು (ಟ್ಯಾನ್ ಕೋ − ಘ) ÷ (1 + ಘ ಟ್ಯಾನ್ ಕೋ). ಗರಿಷ್ಠ: ಗು (ಟ್ಯಾನ್ ಕೋ + ಘ) ÷ (1 − ಘ ಟ್ಯಾನ್ ಕೋ). 30 ಡಿಗ್ರಿ, ಘ 0.2 ಆದರೆ 3.32ರಿಂದ 8.61ರ ವರೆಗೆ ವಸ್ತು ಕದಲದು. ಕಡಿಮೆಯಾದರೆ ಕೆಳಕ್ಕೆ, ಹೆಚ್ಚಾದರೆ ಮೇಲಕ್ಕೆ ಜಾರುತ್ತದೆ. ಘ ಮತ್ತು ಟ್ಯಾನ್ ಕೋ ಗುಣಲಬ್ಧ 1 ಮುಟ್ಟಿದರೆ ಗರಿಷ್ಠವೇ ಇಲ್ಲ, ಎಷ್ಟು ಜೋರಾಗಿ ತಳ್ಳಿದರೂ ವಸ್ತು ಮೇಲೇರದು. ಪರೀಕ್ಷೆಯಲ್ಲಿ ಉತ್ತರ ಋಣಸಂಖ್ಯೆ ಬಂತೆಂದು ಗಾಬರಿಯಾಗುವುದು ಸಾಮಾನ್ಯವಾಗಿ ಇಂಥ ಲೆಕ್ಕದಲ್ಲೇ.

ಹುಸಿ ಬಲ (ಬೆಣೆಯ ಮೇಲಿಂದ ನೋಡುವಾಗ ಅದರ ವೇಗೋತ್ಕರ್ಷಕ್ಕೆ ಎದುರು ದಿಕ್ಕಿನಲ್ಲಿ ಸೇರಿಸಿಕೊಳ್ಳುವ 'ದ್ರ ವೇ'ಯಷ್ಟು ಲೆಕ್ಕದ ಬಲ) ಕಡ್ಡಾಯವಲ್ಲ. ಬೆಣೆಯ ಮೇಲೆ ಕೂತು ನೋಡುವವರಾದರೆ ಅದು ಬೇಕು, ಆಗ ವಸ್ತು ನಿಂತೇ ಇದೆ, ಸಮೀಕರಣದ ಬಲಗಡೆ ಸೊನ್ನೆ. ನೆಲದಿಂದ ನೋಡಿದರೆ ಹುಸಿ ಬಲ ಇಲ್ಲ, ಬಲಗಡೆ 'ದ್ರ ವೇ'. ಎಡಕ್ಕೆ ಹುಸಿ ಬಲ ಹಾಕಿ ಬಲಕ್ಕೂ 'ದ್ರ ವೇ' ಬರೆದರೆ ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದಂತೆ. ನಮಗೆ ಕೇಳಿದರೆ, ಕೈ ಕುದುರುವ ತನಕ ನೆಲದಿಂದಲೇ ನೋಡುವುದು ವಾಸಿ.

ಪ್ರಶ್ನೆ: ಬೆಣೆಯನ್ನು ಯಾರೂ ತಳ್ಳದೆ, ನುಣುಪು ನೆಲದ ಮೇಲೆ ಸುಮ್ಮನೆ ಬಿಟ್ಟರೆ? (ಸಾಗರ)

ಉತ್ತರ: ವಸ್ತು ಮೊನೆಯ ಕಡೆ ಜಾರುತ್ತದೆ, ಬೆಣೆ ಬೆನ್ನಿನ ಕಡೆ ಹಿಮ್ಮೆಟ್ಟುತ್ತದೆ. ಬೆಣೆಯ ದ್ರವ್ಯರಾಶಿ 'ಬೆ' ಎಂದರೆ ಅದರ ವೇಗೋತ್ಕರ್ಷ ದ್ರ ಗು ಸೈನ್ ಕೋ ಕಾಸ್ ಕೋ ÷ (ಬೆ + ದ್ರ ಸೈನ್² ಕೋ). ವಸ್ತು 1 ಕಿಲೋ, ಬೆಣೆ 4 ಕಿಲೋ, 30 ಡಿಗ್ರಿ ಇಟ್ಟು ನೋಡಿ. ಬೆಣೆಗೆ ಹೆಚ್ಚುಕಡಿಮೆ 1.0, ಲಂಬ ಪ್ರತಿಕ್ರಿಯೆ 7.99 ನ್ಯೂಟನ್. ನಿಂತ ಬೆಣೆಯ 8.49ಕ್ಕಿಂತ ಕಡಿಮೆ, ಏಕೆಂದರೆ ಆಸರೆಯೇ ಹಿಂದೆ ಸರಿಯುತ್ತಿದೆ. ನೆಲದಿಂದ ನೋಡಿದರೆ ವಸ್ತು ಸಾಗುವ ದಾರಿ 30 ಡಿಗ್ರಿಯದಲ್ಲ, ಸುಮಾರು 36 ಡಿಗ್ರಿ ಕಡಿದಾದದ್ದು. ಉತ್ತರ ಸರಿಯೇ ಎಂದು ತಿಳಿಯಲು ಸುಲಭದ ದಾರಿ ಇದೆ: ಬೆಣೆಯನ್ನು ಅಪಾರ ಭಾರದ್ದೆಂದು ಭಾವಿಸಿ. ಅದರ ವೇಗೋತ್ಕರ್ಷ ಸೊನ್ನೆಯಾಗಿ ಹಳೆಯ 'ದ್ರ ಗು ಕಾಸ್ ಕೋ' ಮರಳಿ ಬರಬೇಕು. ಬರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ.

ಪ್ರಶ್ನೆ: ಪಿಕಪ್‌ನಲ್ಲಿ ಅಡಿಕೆ ಮೂಟೆ ಸಾಗಿಸುತ್ತೇನೆ. ಘಾಟಿ ಹತ್ತುವಾಗ ಮೂಟೆ ಕದಲುವುದಿಲ್ಲ. ಅದೇ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಕ್ಯಾಬಿನ್ ಕಡೆಗೆ ಬಂದು ಗುದ್ದುತ್ತವೆ. ರಸ್ತೆಯ ಇಳಿಜಾರು ಒಂದೇ ಅಲ್ಲವೇ? ಕೆಳಗೆ ಟಾರ್ಪಾಲ್ ಹಾಸಿದರೆ ಒಳ್ಳೆಯದೋ ಕೆಟ್ಟದ್ದೋ? (ಹೊಸನಗರ)

ಉತ್ತರ: ಇಳಿಜಾರು ಒಂದೇ, ಸೂತ್ರವೂ ಒಂದೇ, ಬದಲಾಗುವುದು ವೇಗೋತ್ಕರ್ಷದ ಪ್ರಮಾಣ. ಹತ್ತುತ್ತ ವೇಗ ಹೆಚ್ಚಿಸುವಾಗ ವೇಗೋತ್ಕರ್ಷ ರಸ್ತೆಯ ಮೇಲ್ಮುಖಕ್ಕಿದೆ. ಇಳಿಯುತ್ತ ಬ್ರೇಕ್ ಹಾಕುವಾಗಲೂ ಅದು ಮೇಲ್ಮುಖಕ್ಕೇ ಇದೆ, ಏಕೆಂದರೆ ಇಳಿಯುವ ವೇಗ ಕಡಿಮೆಯಾಗುತ್ತಿದೆ. ಎರಡೂ ಸಲ ಮೂಟೆಯನ್ನು ಹಿಡಿದಿಡಲು ಘರ್ಷಣೆ ಕೊಡಬೇಕಾದ ಬಲ ದ್ರ (ಗು ಸೈನ್ ಕೋ + ವೇ). ಅದು ಕೊಡಬಲ್ಲ ಗರಿಷ್ಠ ಘ ದ್ರ ಗು ಕಾಸ್ ಕೋ (ಇಲ್ಲಿ ವೇಗೋತ್ಕರ್ಷ ಇಳಿಜಾರಿನ ಉದ್ದಕ್ಕೇ ಇದೆ, ಲಂಬ ದಿಕ್ಕಿಗಿಲ್ಲ, ಹಾಗಾಗಿ ಹಳೆಯ ಲಂ ನಡೆಯುತ್ತದೆ).

10 ಮೀಟರಿಗೆ 1 ಮೀಟರ್ ಏರುವ ರಸ್ತೆ ಎಂದಿಟ್ಟುಕೊಳ್ಳಿ, ಕೋನ 5.7 ಡಿಗ್ರಿ. ನಿಂತಿದ್ದಾಗ, ಅಥವಾ ಒಂದೇ ವೇಗದಲ್ಲಿ ಇಳಿಯುವಾಗ, ಬೇಕಾದ ಘರ್ಷಣಾಂಕ 0.10. ಲೋಡಾದ ಗಾಡಿ 1ರಷ್ಟು ವೇಗೋತ್ಕರ್ಷದಲ್ಲಿ ಹತ್ತಿದರೆ 0.20 ಬೇಕು. ಹಾಗೆ ನೋಡಿದರೆ ಲೋಡ್ ಇರುವ ಗಾಡಿ ಏರಿನಲ್ಲಿ ಅದಕ್ಕಿಂತ ಜೋರಾಗಿ ಎಳೆಯುವುದೂ ಕಷ್ಟ. ಬ್ರೇಕ್ ಹಾಗಲ್ಲ, ಗಾಬರಿಯಲ್ಲಿ ತುಳಿದರೆ 5 ದಾಟುತ್ತದೆ. 5ಕ್ಕೆ ಬೇಕಾದದ್ದು 0.61. ಗೋಣಿಗೂ ತಗಡಿಗೂ ಅಷ್ಟು ಹಿಡಿತ ಸಿಗುವುದು ಅಪರೂಪ. ಏರಿನಲ್ಲಿ ಬ್ರೇಕ್ ಹಾಕಿದರೆ ಇಳಿಜಾರೇ ನಿಮ್ಮ ಪರವಾಗಿ ನಿಲ್ಲುತ್ತದೆ. ಅದೇ 5ಕ್ಕೆ 0.41 ಸಾಕು, ಸಮತಟ್ಟಿನಲ್ಲಿ 0.51 ಬೇಕಿತ್ತು.

ನಿಮ್ಮ ಮೂಟೆಯ ಘರ್ಷಣಾಂಕ ನೀವೇ ಅಳೆಯಬಹುದು. ಗಾಡಿಯ ಬಾಡಿಯಲ್ಲಿ ಹಾಕಿರುವಂಥದೇ ತಗಡನ್ನು 1 ಮೀಟರ್ ಉದ್ದದ ಹಲಗೆಗೆ ಹೊಡೆದು, ಮೇಲೆ ಅರ್ಧ ತುಂಬಿದ ಮೂಟೆ ಇಟ್ಟು, ಒಂದು ತುದಿಯನ್ನು ನಿಧಾನ ಎತ್ತಿ. ಜಾರಲು ಶುರುವಾದ ಎತ್ತರವನ್ನು ನೆಲದ ಮೇಲಿನ ಅಡ್ಡ ಅಂತರದಿಂದ ಭಾಗಿಸಿ (ಹಲಗೆಯ ಉದ್ದದಿಂದಲ್ಲ). ತುದಿ 37 ಸೆಂಟಿಮೀಟರ್ ಏರಿದಾಗ ಜಾರಿದರೆ ಅಡ್ಡ ಅಂತರ 93, ಘ 0.40. 24 ಸೆಂಟಿಮೀಟರಿಗೇ ಜಾರಿದರೆ 0.25. ಒಂದೇ ಸಲ ನೋಡಿ ನಂಬಬೇಡಿ. ತಗಡಿನ ಮೇಲೆ ಅಡಿಕೆ ದೂಳು ಕೂತಿದ್ದಾಗ, ಒರೆಸಿದಾಗ, ನೀರು ಚಿಮುಕಿಸಿದಾಗ ಬೇರೆ ಬೇರೆ ಬರುತ್ತದೆ. ಲೆಕ್ಕಕ್ಕೆ ಎಲ್ಲಕ್ಕಿಂತ ಕಡಿಮೆ ಬಂದದ್ದನ್ನೇ ಹಿಡಿಯಿರಿ. ಹಲಗೆಯನ್ನು ಜಗ್ಗಿ ಎತ್ತಿದರೆ ಮೂಟೆ ಬೇಗ ಜಾರುತ್ತದೆ, ಅದು ಅಳತೆಯಲ್ಲ.

0.40 ಇದ್ದರೆ ಆ ಇಳಿಜಾರಿನಲ್ಲಿ ಮೂಟೆ ಕದಲದಂತೆ ಬ್ರೇಕ್ ಹಾಕಬಹುದಾದ ಮಿತಿ 2.93. ಗಂಟೆಗೆ 36 ಕಿಲೋಮೀಟರ್ ವೇಗದಿಂದ ನಿಲ್ಲಲು 17 ಮೀಟರ್ ಬೇಕು. ಸಮತಟ್ಟಿನಲ್ಲಾದರೆ 13. ಟಾರ್ಪಾಲ್ ಹಾಸಿದ ಮೇಲೆ ಘ 0.25ಕ್ಕೆ ಇಳಿದಿದೆ ಎನ್ನೋಣ. ಮಿತಿ 1.46, ದೂರ 34 ಮೀಟರ್. ಎರಡರಷ್ಟಾಯಿತು. ಹಾಗಾಗಿ ಟಾರ್ಪಾಲ್ ಮೂಟೆಯ ಮೇಲಿರಲಿ, ಅಡಿಗೆ ಬೇಡ. ನೆಲ ಒದ್ದೆಯಾಗುವ ಭಯವಿದ್ದರೆ ಅಡಿಗೆ ಒರಟು ರಬ್ಬರ್ ಮ್ಯಾಟ್ ಹಾಸಿ.

ಇನ್ನು ಹಗ್ಗ. 50 ಕಿಲೋ ಮೂಟೆ, ಘ 0.40, ಬ್ರೇಕ್ 5 ಆದರೆ ಕೊರತೆ ಬೀಳುವ ಬಲ 104 ನ್ಯೂಟನ್, ಅಂದರೆ ಮೂಟೆಯೊಂದಕ್ಕೆ 10.6 ಕಿಲೋ ತೂಕದಷ್ಟು. 40 ಮೂಟೆಗೆ 420 ಕಿಲೋ ಮೀರುತ್ತದೆ. ಮೂಟೆಗಳನ್ನು ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ ಜೋಡಿಸಿದ್ದರೆ ಆ ಬಲವನ್ನು ಗೋಡೆ ತಾಳಿಕೊಳ್ಳುತ್ತದೆ. ಮೇಲಿಂದ ಹಗ್ಗ ಬಿಗಿದು ಅಷ್ಟೇ ಕೆಲಸ ಮಾಡಿಸಲು ಮೂಟೆಗೆ 260 ನ್ಯೂಟನ್ ಒತ್ತಬೇಕು, ಏಕೆಂದರೆ ಒತ್ತಿದ್ದರಲ್ಲಿ ಶೇ. 40 ಮಾತ್ರ ಘರ್ಷಣೆಯಾಗಿ ಸಿಗುತ್ತದೆ. ತಡೆ ಮೊದಲು, ಹಗ್ಗ ಆಮೇಲೆ. ಗೋಡೆಗೂ ಮೂಟೆಗೂ ನಡುವೆ ಅರ್ಧ ಮೀಟರ್ ಸಂದು ಬಿಟ್ಟಿರೋ, ಮೂಟೆ ಜಾರಿ ಬಂದು ಗೋಡೆಗೆ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಬಡಿಯುತ್ತದೆ (ಜಾರುವಾಗಿನ ಘರ್ಷಣಾಂಕ 0.35 ಎಂದುಕೊಂಡು). ನೀವು ಕೇಳಿದ ಗುದ್ದು ಅದೇ. ದಾರಿಯಲ್ಲಿ ಮೂಟೆ ಕುಸಿದು ಹಗ್ಗ ಸಡಿಲಾಗುವುದರಿಂದ ಘಾಟಿಯ ತಲೆಯಲ್ಲಿ ಗಾಡಿ ನಿಲ್ಲಿಸಿ ಮತ್ತೊಮ್ಮೆ ಬಿಗಿಯಿರಿ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಡ್ರೈವರ್‌ಗಳ ಮಾತಿಗೂ ಇದೇ ಲೆಕ್ಕ: ಎಂಜಿನ್ನೇ ವೇಗ ಹಿಡಿದಿಟ್ಟರೆ 'ವೇ' ಸೊನ್ನೆಯ ಹತ್ತಿರ ಉಳಿಯುತ್ತದೆ.

ತಿರುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಂಥ ದಾರಿಯಲ್ಲಿ ಓಡಾಡುವವರು ತಿಳಿದಿರಬೇಕು. ತಿರುವಿನಲ್ಲಿ ವೇಗೋತ್ಕರ್ಷ ಒಳಮಗ್ಗುಲಿಗೆ, ವೇಗದ ವರ್ಗ ಭಾಗಿಸು ತ್ರಿಜ್ಯದಷ್ಟು. ರಸ್ತೆಯನ್ನು ಒಳಕ್ಕೆ ವಾಲಿಸುವುದು ಮೊದಲ ಪ್ರಶ್ನೆಯ ಬೆಣೆಯ ಲೆಕ್ಕದಿಂದಲೇ. ಒಳಮಗ್ಗುಲು ಅಲ್ಲಿನ ಮೊನೆ. 15 ಮೀಟರ್ ತ್ರಿಜ್ಯ, 10ಕ್ಕೆ 1ರ ವಾಲು ಎಂದರೆ, ಗಂಟೆಗೆ 20 ಕಿಲೋಮೀಟರಿಗೆ ಘರ್ಷಣೆಯ ಪಾಲು 0.11 ಸಾಕು, 30ಕ್ಕೆ 0.36. ನಿಮ್ಮ 0.40ರೊಳಗೇ ಇದೆ. ಆದರೆ ಅದೇ ತಿರುವಿನಲ್ಲಿ ಇಳಿಯುತ್ತ 2ರಷ್ಟು ಮೆತ್ತನೆಯ ಬ್ರೇಕ್ ಹಾಕಿದರೆ ಉದ್ದಕ್ಕೆ 0.30 ಬೇಕು, ಎರಡೂ ಒಂದಕ್ಕೊಂದು ಲಂಬ ದಿಕ್ಕಿನವು. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 0.47. ಬಿಡಿಬಿಡಿಯಾಗಿ ತಡೆದುಕೊಂಡದ್ದು ಒಟ್ಟಿಗೆ ಬಂದಾಗ ಜಾರಿತು. ಬ್ರೇಕ್ ತಿರುವಿಗೆ ಮುಂಚೆಯೇ ಮುಗಿಯಲಿ.

ಪ್ರಶ್ನೆ: ಬಸ್ಸಿನಲ್ಲಿ ಕೂತು ಮೊಬೈಲಿನ ಮಟ್ಟ ತೋರಿಸುವ ಆ್ಯಪ್ ನೋಡಿದೆ. ಸಮತಟ್ಟು ರಸ್ತೆಯಲ್ಲೂ 5–6 ಡಿಗ್ರಿ ಏರು ತೋರಿಸಿತು. ಮೊಬೈಲ್ ಕೆಟ್ಟಿದೆಯೇ? (ಶಿವಮೊಗ್ಗ)

ಉತ್ತರ: ಕೆಟ್ಟಿಲ್ಲ. ಮೊಬೈಲಿಗೆ ಗುರುತ್ವ ಯಾವುದು, ಬಸ್ಸಿನ ವೇಗೋತ್ಕರ್ಷ ಯಾವುದು ಎಂದು ಬೇರ್ಪಡಿಸಲು ಬಾರದು. ಬಸ್ಸು 1ರಷ್ಟು ವೇಗೋತ್ಕರ್ಷದಲ್ಲಿ ಹೊರಟರೆ ಟ್ಯಾನ್ ಬೆಲೆ 1 ÷ 9.8 ಆಗುವ ಕೋನ, 5.8 ಡಿಗ್ರಿ, ಏರಿನಂತೆ ಕಾಣುತ್ತದೆ. ಬ್ರೇಕ್ ಹಾಕಿದರೆ ಇಳಿಕೆಯಂತೆ. ಬಡಗಿಯ ರಸಮಟ್ಟ ಇಟ್ಟರೂ ಬಸ್ಸು ಹೊರಡುವಾಗ ಗುಳ್ಳೆ ಮುಂದಕ್ಕೇ ಓಡುತ್ತದೆ. ರಸ್ತೆಯ ನಿಜವಾದ ಇಳಿಜಾರು ಬೇಕೆಂದರೆ ಗಾಡಿ ನಿಲ್ಲಿಸಿ ಅಳೆಯಿರಿ.

ಪ್ರಶ್ನೆ: ಹೈಸ್ಕೂಲಿನಲ್ಲಿ ಇದನ್ನು ಮಾಡಿ ತೋರಿಸುವುದು ಹೇಗೆ? ಮರದ ಬೆಣೆ, ಮರದ ತುಂಡು ಇಟ್ಟು ಗಾಡಿ ಎಳೆದೆವು. ಏನೂ ಆಗಲಿಲ್ಲ. (ವಿಜ್ಞಾನ ಶಿಕ್ಷಕರು, ಭದ್ರಾವತಿ)

ಉತ್ತರ: ಮರದ ಮೇಲೆ ಮರಕ್ಕೆ ಘರ್ಷಣಾಂಕ 0.3ರ ಆಸುಪಾಸು ಇದ್ದರೂ 15 ಡಿಗ್ರಿ ಬೆಣೆಯ ಮೇಲೆ ತುಂಡು ನಿಂತ ಗಾಡಿಯಲ್ಲೂ ಜಾರುವುದಿಲ್ಲ, ಆದ್ದರಿಂದ ಓಡುವಾಗ ಜಾರದಿರುವುದು ಏನನ್ನೂ ತೋರಿಸದು. ತುಂಡಿನ ಬದಲು ಗೋಲಿ ಬಳಸಿ. ಗೋಲಿ ಬೆಣೆಯ ಮೇಲೆ ಕದಲದೆ ನಿಲ್ಲುವ ಷರತ್ತೂ ಗು ಟ್ಯಾನ್ ಕೋ ಆಗಿಯೇ ಇರುತ್ತದೆ.

10 ಡಿಗ್ರಿ ಬೆಣೆ ಸಾಕು. 30ಕ್ಕೆ ಹೋದರೆ 1 ಮೀಟರ್ ಮೇಜು ಅರ್ಧ ಸೆಕೆಂಡು ಚಿಲ್ಲರೆಯಲ್ಲಿ ಮುಗಿದುಹೋಗುತ್ತದೆ, ಕಣ್ಣಿಗೆ ಸಿಗದು. 10ಕ್ಕೆ ಬೇಕಾದ ವೇಗೋತ್ಕರ್ಷ 1.73, ಸುಮಾರು 1.1 ಸೆಕೆಂಡು ಸಿಗುತ್ತದೆ. ಚಕ್ರದ ಗಾಡಿಯ ಮೇಲೆ ಬೆಣೆ ಅಂಟಿಸಿ, ಮೇಲೆ ಗೋಲಿ ಅಡ್ಡಡ್ಡ ಹೋಗದಂತೆ ಎರಡು ಊದುಬತ್ತಿ ಕಡ್ಡಿಗಳ ಹಳಿ ಮಾಡಿ. ಮೊನೆಯ ತುದಿಯಲ್ಲಿ ರಟ್ಟಿನ ತಡೆ. ದಾರವನ್ನು ಮೊನೆಯ ಕಡೆಗೇ ಕಟ್ಟಿ, ಮೇಜಿನ ಅಂಚಿನ ರಾಟೆಯ ಮೇಲೆ ಹಾಯಿಸಿ ತೂಕ ನೇತುಹಾಕಿ. ಗೋಲಿ ತಡೆಗೆ ಒರಗಿ ಕೂತಿರಲಿ. ತೂಕ ಕಡಿಮೆಯಿದ್ದರೆ ಅದು ತಡೆ ಬಿಡುವುದಿಲ್ಲ. ಹೆಚ್ಚಾದರೆ ಹಿಂದಕ್ಕೆ, ಇಳಿಜಾರಿನ ಮೇಲಕ್ಕೆ ಉರುಳುತ್ತದೆ. ಮಕ್ಕಳಿಗೆ ನೋಡಲು ಹೇಳಬೇಕಾದದ್ದು ಆ ಗಡಿಯನ್ನು.

ಗಾಡಿ, ಬೆಣೆ, ಗೋಲಿ ಸೇರಿ 500 ಗ್ರಾಂ ಇದ್ದು ಚಕ್ರದ ಘರ್ಷಣೆ ಇಲ್ಲದಿದ್ದರೆ ಗಡಿ 107 ಗ್ರಾಂ. ನಿಜದಲ್ಲಿ ಘರ್ಷಣೆ ಇದ್ದೇ ಇರುತ್ತದೆ. ಮೊದಲು ಚಿಕ್ಕ ತೂಕಗಳನ್ನು ನೇತುಹಾಕಿ ಗಾಡಿಯನ್ನು ಮೆಲ್ಲಗೆ ತಟ್ಟಿ. ವೇಗ ಹೆಚ್ಚದೆ ಕುಗ್ಗದೆ ಸಾಗುವ ತೂಕ ಚಕ್ರದ ಘರ್ಷಣೆಗೆ ಸಮ. ಅದು 10 ಗ್ರಾಂ ಬಂದರೆ ಗಡಿ 119ಕ್ಕೆ ಏರುತ್ತದೆ. 100ರಿಂದ ಶುರುಮಾಡಿ 5 ಗ್ರಾಂನಂತೆ ಹೆಚ್ಚಿಸುತ್ತ ಹೋಗಿ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮೇಜು ಮಟ್ಟವಾಗಿಲ್ಲದಿದ್ದರೆ 1 ಡಿಗ್ರಿ ವಾಲೂ ಬೆಣೆಯ 10ನ್ನು 9 ಅಥವಾ 11 ಮಾಡುತ್ತದೆ. ರಾಟೆ ಎತ್ತರ ತಗ್ಗಾಗಿ ದಾರ ಓರೆಯಾದರೆ ಎಳೆತದ ಒಂದು ಪಾಲು ಗಾಡಿಯನ್ನು ಎತ್ತಲು ಅಥವಾ ಒತ್ತಲು ಹೋಗುತ್ತದೆ. ಕೈಯಿಂದ ಬಿಡುವಾಗ ಗಾಡಿಯನ್ನು ಹಿಂದಕ್ಕೆಳೆದು ಬಿಟ್ಟರೆ ಗೋಲಿ ಆ ಕುಲುಕಿಗೇ ಹಾರುತ್ತದೆ. ಗಾಡಿಯ ಮುಂದೆ ಅಡ್ಡಪಟ್ಟಿ ಹಿಡಿದು, ಅದನ್ನು ನೇರ ಮೇಲಕ್ಕೆತ್ತಿ ಬಿಡಿ. ಮೊಬೈಲಿನ ಸ್ಲೋ ಮೋಷನ್ ವಿಡಿಯೊ ತೆಗೆದರೆ ಗೋಲಿ ತಡೆ ಬಿಟ್ಟದ್ದು ಓಡುವಾಗಲೋ, ಮೇಜಿನ ಕೊನೆಯಲ್ಲಿ ಗಾಡಿ ಬಡಿದು ನಿಂತಾಗಲೋ ಎಂಬ ಜಗಳ ತೀರುತ್ತದೆ. ಕೊನೆಯಲ್ಲಿ ಮಡಚಿದ ಟವೆಲ್ ಇಡಿ, ಇಲ್ಲದಿದ್ದರೆ ಗೋಲಿಗಾಗಿ ತರಗತಿಯೆಲ್ಲ ಬೆಂಚಿನ ಕೆಳಗಿರುತ್ತದೆ.